ಸಂಕ್ರಾಂತಿಗೆ ಹಳ್ಳಿ ಹಾದಿಯಲ್ಲಿ ಹ್ಯಾಶ್ ಓಟ: ಗುರುತು, ಹುಗ್ಗಿ, ಕಿಚ್ಚು ಎಲ್ಲ ಹೇಗೆ ಹೊಂದಿಸೋದು?

ಹಾಸನ_ಹಾದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಓಟದ ಬಳಗ ಇದೆ. ರೇಸ್ ಇಲ್ಲ, ಮೆಡಲ್ ಇಲ್ಲ. ಟಾರು ರಸ್ತೆ ಬಿಟ್ಟು ಹೊಲದ ಬದು, ಕೆರೆ ಏರಿ, ಬಂಡಿ ಜಾಡಿನಲ್ಲಿ ಓಡಿ, ಆಮೇಲೆ ಒಟ್ಟಿಗೆ ಕೂತು ತಿಂಡಿ ತಿನ್ನೋದು ಅಷ್ಟೇ. ಈ ಸಲ ಸಂಕ್ರಾಂತಿಗೆ ಹ್ಯಾಶ್ ಪದ್ಧತಿಯ ಓಟ ಇಟ್ಟುಕೊಳ್ಳೋಣ ಅಂತ ಮಾತಾಗಿದೆ. ಇಬ್ಬರು ‘ಮೊಲ’ಗಳು ಮುಂಚೆ ಹೋಗಿ ಹಿಟ್ಟಿನಲ್ಲಿ ಗುರುತು ಹಾಕೋದು, ಉಳಿದವರು ಆ ಗುರುತು ಹುಡುಕಿಕೊಂಡು ಓಡೋದು. ಓಟ ಮುಗಿಯುವ ಊರಲ್ಲೇ ಎಳ್ಳು-ಬೆಲ್ಲ ಹಂಚಿ, ಕಿಚ್ಚು ಹಾಯಿಸೋದು ನೋಡಿ, ಹುಗ್ಗಿ ಉಂಡು ಬರೋದು.

ಒಟ್ಟು 50 ಜನ. ಅದರಲ್ಲಿ ಹತ್ತು ಮಕ್ಕಳು, ನಡೆಯುವವರು ಹತ್ತು-ಹನ್ನೆರಡು. ಜಾಗ ಎರಡು ಕಣ್ಣಮುಂದೆ ಇವೆ: ಸಕಲೇಶಪುರ ಕಡೆ ಒಂದು ಕಾಫಿ ಎಸ್ಟೇಟು, ಇಲ್ಲಾ ಬೇಲೂರು ರಸ್ತೆಯ ದೊಡ್ಡಗದ್ದವಳ್ಳಿ ಸುತ್ತಮುತ್ತ. ಬೆಳಿಗ್ಗೆಯೋ ಸಂಜೆಯೋ ಅನ್ನೋದೂ ತೀರ್ಮಾನ ಆಗಿಲ್ಲ. ಗುರುತಿಗೆ ಯಾವ ಹಿಟ್ಟು, ಎಷ್ಟು ಬೇಕು? ಊಟದ ಅಳತೆ ಏನು? ಕಿಚ್ಚಿನ ಹತ್ತಿರ ನಮ್ಮವರು ಹೇಗಿರಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಏರಿದಾರಿ ಉತ್ತರ:

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ, ಜಾಗದ ಮಾತು ಆಮೇಲೆ. ಜನವರಿ ನಡುವೆ ಹಾಸನದಲ್ಲಿ ಸೂರ್ಯ ಮುಳುಗೋದು ಸುಮಾರು ಆರೂಕಾಲಿಗೆ, ಆರೂಮುಕ್ಕಾಲಿಗೆಲ್ಲ ಕಾಲ ಕೆಳಗಿನ ಕಲ್ಲು ಕಾಣಲ್ಲ. ಕಿಚ್ಚು ಹಾಯಿಸೋದು ಹೊತ್ತು ಇಳಿಯುವಾಗ. ಹಾಗಾಗಿ ಕೊನೆಯ ಓಟಗಾರ ಐದೂಕಾಲಿಗೆ ಊರು ಸೇರಿರಬೇಕು. ಹ್ಯಾಶ್‌ನಲ್ಲಿ 6 ಕಿಲೋಮೀಟರಿಗೆ 75ರಿಂದ 90 ನಿಮಿಷ ಹಿಡಿಯುತ್ತೆ. ಗುಂಪಿನಲ್ಲಿ ಎಂಥ ವೇಗದವರಿದ್ದರೂ ಅಷ್ಟೇ, ಯಾಕಂದರೆ ಅರ್ಧ ಹೊತ್ತು ಹುಡುಕೋದರಲ್ಲೇ ಹೋಗುತ್ತೆ. ಮೂರೂವರೆಗೆ ಬಿಡಿ, ಮೊಲಗಳು ಎರಡೂವರೆಗೇ ಹೊರಡಲಿ.

ಬೆಳಿಗ್ಗೆ ಬೇಡ. ಹಬ್ಬದ ಬೆಳಿಗ್ಗೆ ಊರಿನವರು ದನದ ಮೈ ತೊಳೆಯೋದು, ಕೊಂಬಿಗೆ ಬಣ್ಣ ಹಚ್ಚೋದು, ಪೂಜೆ ಅಂತ ಕೈತುಂಬ ಕೆಲಸದಲ್ಲಿರುತ್ತಾರೆ. ಜೊತೆಗೆ ಇಬ್ಬನಿ. ಹಿಂದಿನ ರಾತ್ರಿ ಹಾಕಿದ ಹಿಟ್ಟು ಬೆಳಗಾಗುವ ಹೊತ್ತಿಗೆ ಅಂಟಾಗಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತೆ. ಉಳಿದದ್ದನ್ನ ನಾಯಿ, ಕೋಳಿ, ಇರುವೆ ಮುಗಿಸಿರುತ್ತವೆ.

ಹಿಟ್ಟು ಅಂದರೆ ಮೈದಾ, ಬೇರೆ ಯೋಚನೆ ಬೇಡ. ಅಕ್ಕಿಹಿಟ್ಟು ಗಾಳಿಗೆ ಬೇಗ ಹಾರುತ್ತೆ. ರಾಗಿಹಿಟ್ಟು ಕಾಣೋದೇ ಇಲ್ಲ. ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರು ಮುಟ್ಟಲೇಬೇಡಿ. ಕಣ್ಣಿಗೆ ಬಿದ್ದರೆ ಸುಡುತ್ತೆ, ದನ ನೆಕ್ಕಿದರೆ ನಾಲಿಗೆ ಹುಣ್ಣಾಗುತ್ತೆ, ಅದೂ ದನದ ಹಬ್ಬದ ದಿನ. ಕಾಗದದ ಚೂರೂ ಬೇಡ, ಹೆಕ್ಕೋಕೆ ಯಾರೂ ವಾಪಸ್ ಹೋಗಲ್ಲ.

ಲೆಕ್ಕ ಹೀಗಿದೆ. ಒಂದು ಹಿಡಿ ಸುಮಾರು 40 ಗ್ರಾಂ. ಬಯಲಲ್ಲಿ 40 ಮೀಟರಿಗೊಂದು ಚುಕ್ಕಿ ಅಂದರೆ 6 ಕಿಲೋಮೀಟರಿಗೆ 150 ಚುಕ್ಕಿ, 6 ಕೆಜಿ. ತೋಟ, ಓಣಿ, ತಿರುವು ಇರುವಲ್ಲಿ 20 ಮೀಟರಿಗೊಂದು ಬೇಕು. ಸುಳ್ಳು ದಾರಿ, ವೃತ್ತ, ಬಾಣ ಎಲ್ಲ ಸೇರಿ ಇನ್ನು 3 ಕೆಜಿ. ಒಟ್ಟು 9 ಕೆಜಿ ತಗೊಳ್ಳಿ. ಒಬ್ಬ ಮೊಲ ಎರಡೂವರೆ ಕೆಜಿಗಿಂತ ಜಾಸ್ತಿ ಹೊತ್ತು ಓಡೋದು ಕಷ್ಟ, ಉಳಿದದ್ದನ್ನ ಅರ್ಧ ದಾರಿಯಲ್ಲಿ ಗೊತ್ತಿರುವವರ ಮನೆಯಲ್ಲಿ ಮೊದಲೇ ಇಟ್ಟಿರಿ. ಬಟ್ಟೆಚೀಲ ಅಡ್ಡ ನೇತುಹಾಕಿಕೊಂಡರೆ ಕೈ ಹಾಕೋಕೆ ಸಲೀಸು. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿದ ಕೈಗೆ ಹಿಟ್ಟು ಮೆತ್ತಿ ಉಂಡೆ ಕಟ್ಟುತ್ತೆ.

ಎಲ್ಲಿ ಹಾಕುತ್ತೀರಿ ಅನ್ನೋದು ಎಷ್ಟು ಹಾಕುತ್ತೀರಿ ಅನ್ನೋದಕ್ಕಿಂತ ಮುಖ್ಯ. ಕೆಂಪು ಮಣ್ಣಿನ ಮೇಲೆ ಬಿಳಿ ಚುಕ್ಕಿ ದೂರಕ್ಕೇ ಕಾಣುತ್ತೆ. ರಾಗಿ ಕೂಳೆ, ಒಣಹುಲ್ಲಿನ ಮೇಲೆ ಎರಡು ಹಿಡಿ ಹಾಕಿದರೂ ಕಾಣಲ್ಲ. ಅಂಥಲ್ಲಿ ತೆಂಗಿನ ಬುಡಕ್ಕೆ, ಬದುವಿನ ಕಲ್ಲಿಗೆ, ಬೇಲಿ ಕಂಬಕ್ಕೆ ಮಂಡಿ ಎತ್ತರದಲ್ಲಿ ಹೊಡೆಯಿರಿ. ನಡುದಾರಿಯಲ್ಲಿ ಹಾಕಿದ್ದು ಒಂದು ಮಂದೆ ಕುರಿ ದಾಟಿದರೆ ಮುಗೀತು. ಸಂಜೆ ಬಿಸಿಲಿಗೆ ಎದುರಾಗಿ ಪಶ್ಚಿಮಕ್ಕೆ ಓಡಿಸಬೇಡಿ, ಕಣ್ಣು ಕುಕ್ಕಿ ಗುರುತು ತಪ್ಪುತ್ತೆ. ಹೋಗುವಾಗ ಪೂರ್ವಕ್ಕೆ ಹೋಗಿ, ಬರುವಾಗ ಮರದ ಸಾಲಿನ ನೆರಳಲ್ಲಿ ಬರುವ ಹಾಗೆ ನೋಡಿಕೊಳ್ಳಿ.

ಗುರುತಿನ ಭಾಷೆ ಓಟಕ್ಕೆ ಮೊದಲು ಎಲ್ಲರಿಗೂ ನೆಲದ ಮೇಲೆ ಬರೆದು ತೋರಿಸಿ. ಚುಕ್ಕಿ ಅಂದರೆ ದಾರಿ. ವೃತ್ತ ಅಂದರೆ ಇಲ್ಲಿಂದ ದಾರಿ ಎತ್ತ ಬೇಕಾದರೂ ಹೋಗಿರಬಹುದು, ಹುಡುಕಿ. ವೃತ್ತದಿಂದ 150 ಮೀಟರಿನೊಳಗೆ ಚುಕ್ಕಿ ಮತ್ತೆ ಶುರುವಾಗಿರಬೇಕು. ಸಾಲಾಗಿ ಮೂರು ಚುಕ್ಕಿ ಸಿಕ್ಕರೆ ದಾರಿ ನಿಜ. ಎರಡು ಚುಕ್ಕಿ ಆದ ಮೇಲೆ ಅಡ್ಡಗೆರೆ ಕಂಡರೆ ಅದು ಸುಳ್ಳು ದಾರಿ, ವಾಪಸ್ ವೃತ್ತಕ್ಕೆ. ಬಾಣ ಹಾಕೋದು ರಸ್ತೆ ದಾಟುವಲ್ಲಿ, ಮಕ್ಕಳು ತಪ್ಪಬಾರದ ಕಡೆ ಮಾತ್ರ. ಅಲ್ಲಿ ಒಗಟು ಇಡಬಾರದು. ಸಿಕ್ಕವರು ‘ಆನ್ ಆನ್’ ಅಂತ ಕೂಗೋದು ವಾಡಿಕೆ.

ಈ ಆಟ 1938ರಲ್ಲಿ ಕ್ವಾಲಾಲಂಪುರದಲ್ಲಿ ಶುರುವಾಯಿತು. ಅಲ್ಲಿನ ಸೆಲಂಗೋರ್ ಕ್ಲಬ್ಬಿನ ಊಟದ ಮನೆಯನ್ನ ಹ್ಯಾಶ್ ಹೌಸ್ ಅಂತಿದ್ದರು, ಹೆಸರು ಅಲ್ಲಿಂದ ಬಂತು. ಅಂದಿನಿಂದ ಇದರ ತಿರುಳು ಒಂದೇ: ಗಟ್ಟಿಗರು ಸುಳ್ಳು ದಾರಿಯಲ್ಲಿ ಓಡಿ ಬರುವಷ್ಟರಲ್ಲಿ ಹಿಂದಿನವರು ಬಂದು ಕೂಡಿಕೊಳ್ಳಬೇಕು. ವೃತ್ತ ಸರಿಯಾಗಿ ಇಟ್ಟಿರೋ ಇಲ್ಲವೋ ಅಂತ ಗೊತ್ತಾಗೋದು ಕೊನೆಯಲ್ಲಿ. ಮೊದಲನೆಯವರಿಗೂ ಕೊನೆಯವರಿಗೂ ಹತ್ತು ನಿಮಿಷಕ್ಕಿಂತ ಜಾಸ್ತಿ ಅಂತರ ಬಿದ್ದರೆ ವೃತ್ತ ಕಮ್ಮಿಯಾಗಿವೆ ಅಂತ ಅರ್ಥ. 6 ಕಿಲೋಮೀಟರಿಗೆ ಏಳು ವೃತ್ತ ಇಡಿ. ಮೊದಲನೆಯದು 400 ಮೀಟರಿನೊಳಗೇ ಬರಲಿ, ಇಲ್ಲದಿದ್ದರೆ ಮುಂದಿನವರು ಆಗಲೇ ಕಣ್ಮರೆ.

ಕಣದಂಚು ಉತ್ತರ:

ಏರಿದಾರಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ಮೂರು ದಾರಿ ಕೂಡುವ ಜಾಗದಲ್ಲಿ ಬಿಳಿ ಹಿಟ್ಟಿನ ವೃತ್ತ ಕಂಡರೆ ನಮ್ಮ ಕಡೆ ಹಳ್ಳಿಯಲ್ಲಿ ಯಾರೂ ಅದನ್ನ ಓಟದ ಗುರುತು ಅಂದುಕೊಳ್ಳಲ್ಲ. ಮಾಟ ಅಂದುಕೊಳ್ಳುತ್ತಾರೆ. ಚೆನ್ನಾಗಿ ಕಾಣಲಿ ಅಂತ ಅರಿಶಿನ, ಕುಂಕುಮ ಬೆರೆಸಿದರಂತೂ ಮುಗಿದೇ ಹೋಯಿತು, ಹೆಂಗಸರು-ಮಕ್ಕಳು ಆ ದಾರಿ ತುಳಿಯಲ್ಲ, ಹಬ್ಬ ಕೆಟ್ಟ ಹಾಗೆ. ಅದಕ್ಕೇ ವೃತ್ತವನ್ನ ಮೂರು ದಾರಿ ಕೂಡುವಲ್ಲಿ ಹಾಕದೆ ಹತ್ತಿಪ್ಪತ್ತು ಮೀಟರ್ ಈಚೆ ಹಾಕಿ. ಯಾರ ಮನೆ ಬಾಗಿಲಿಗೂ, ಗುಡಿ ಮುಂದೂ, ಸ್ಮಶಾನದ ದಾರಿಗೂ, ಹುತ್ತದ ಹತ್ತಿರವೂ ಹಿಟ್ಟು ಬೇಡ. ಒಂದು ವಾರ ಮುಂಚೆ ಊರಿಗೆ ಹೋಗಿ ಪಂಚಾಯ್ತಿ ಸದಸ್ಯರು, ಗುಡಿಯ ಅರ್ಚಕರು, ಅರಳಿಕಟ್ಟೆ ಮೇಲೆ ಕೂರುವ ಹಿರಿಯರು ಈ ಮೂವರಿಗೂ ಮುಖಾಮುಖಿ ಹೇಳಿ. ‘ಗೌಡ್ರೇ, ಹಿಟ್ಟಿನ ಗುರುತು ಹಾಕ್ಕೊಂಡು ಓಡ್ತೀವಿ, ಇಂಥ ದಾರೀಲಿ’ ಅಂತ ಒಂದು ಗುರುತು ಹಾಕಿ ತೋರಿಸಿ. ಊರಿನ ಒಬ್ಬ ಹುಡುಗ ಮೊಲಗಳ ಜೊತೆ ಓಡಿದರೆ ಇನ್ನೂ ಒಳ್ಳೆಯದು. ಅವನಿಗೆ ದಾರಿಯೂ ಗೊತ್ತು, ನಾಯಿಗಳೂ ಗೊತ್ತು.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1114ರ ಸುಮಾರಿನ ಹೊಯ್ಸಳರ ಕಾಲದ್ದು, ಸಂರಕ್ಷಿತ ಸ್ಮಾರಕ. ಕೆರೆಯ ಪಕ್ಕದ ಆ ಆವರಣದೊಳಗೆ ಚುಕ್ಕಿಯೂ ಬೇಡ, ಓಟವೂ ಬೇಡ. ಓಟ ಶುರುವಾಗುವ ಮುಂಚೆ ಹೋಗಿ ಕೈಮುಗಿದು ಬನ್ನಿ.

ದಾರಿ ಆರಿಸುವಾಗ ‘ಕೊಯ್ಲಾಗಿದೆ, ಹೊಲ ಖಾಲಿ’ ಅಂದುಕೊಳ್ಳಬೇಡಿ. ರಾಗಿ ಕೊಯ್ದಿರುತ್ತಾರೆ, ಆದರೆ ಅಕ್ಕಡಿ ಸಾಲಿನ, ಅಂದರೆ ರಾಗಿ ನಡುವೆ ಬಿತ್ತಿದ, ಅವರೆ, ತೊಗರಿ ಇನ್ನೂ ನಿಂತಿರುತ್ತೆ. 50 ಜನ ಅಡ್ಡ ಹಾಯ್ದರೆ ಒಬ್ಬ ರೈತನ ಹಬ್ಬದ ಅವರೆಕಾಯಿ ನೆಲ ಕಚ್ಚುತ್ತೆ. ಭತ್ತದ ಕೂಳೆ ಓರೆಯಾಗಿ ಕತ್ತರಿಸಿರೋದರಿಂದ ಚೂಪಾಗಿರುತ್ತೆ, ಮೊಣಕಾಲ ಕೆಳಗೆಲ್ಲ ಗೀರುತ್ತೆ. ಬದುವಿನ ಮೇಲೇ ಓಡಿ, ಒಬ್ಬರ ಹಿಂದೆ ಒಬ್ಬರು. ಶುಂಠಿ ಕಿತ್ತ ಹೊಲದೊಳಗೆ ಇಳಿಯಲೇಬೇಡಿ, ಮಡಿ ಕಿತ್ತ ಗುಂಡಿ ಮೇಲೆ ಹುಲ್ಲು ಹರಡಿರುತ್ತೆ, ಪಾದ ತಿರುಚೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಕಣ ಇರುವ ಕಡೆ ಸುತ್ತಿ ಹೋಗಿ. ಸಗಣಿ ಸಾರಿಸಿ ರಾಶಿ ಹಾಕಿದ ಕಣಕ್ಕೆ ಚಪ್ಪಲಿ, ಶೂ ಹಾಕಿಕೊಂಡು ಕಾಲಿಡಬಾರದು. ರಾಶಿ ಎಷ್ಟು ಮೂಟೆ ಆಯ್ತು ಅಂತ ಕೇಳಲೂಬಾರದು. ಈಗೀಗ ರಾಗಿ ತೆನೆಯನ್ನ ಟಾರು ರಸ್ತೆ ಮೇಲೇ ಹರವಿ ವಾಹನ ಓಡಿಸಿ ಒಕ್ಕಣೆ ಮಾಡುತ್ತಾರಲ್ಲ, ಅದರ ಮೇಲೆ ಓಡಿದರೆ ಶೂ ಜಾರುತ್ತೆ, ಧಾನ್ಯವೂ ಸಿಡಿಯುತ್ತೆ.

ಇನ್ನು ಕಿಚ್ಚು. ಒಣಹುಲ್ಲನ್ನ ದಾರಿಗೆ ಅಡ್ಡಲಾಗಿ ತೆಳ್ಳಗೆ ಹರವಿ ಹಚ್ಚುತ್ತಾರೆ. ಉರಿ ಏಳುತ್ತಿದ್ದ ಹಾಗೆ ಯಜಮಾನ ಹಗ್ಗ ಹಿಡಿದು ಎತ್ತಿನ ಜೊತೆ ತಾನೂ ಓಡಿ ದಾಟಿಸುತ್ತಾನೆ. ದೃಷ್ಟಿ ಹೋಗುತ್ತೆ, ಕಾಲಿನ ಉಣ್ಣೆಹುಳ ಉದುರುತ್ತೆ ಅಂತ ಹಿರಿಯರು ಹೇಳುತ್ತಾರೆ. ನೋಡುವವರು ತಪ್ಪೋದು ನಿಲ್ಲುವ ಜಾಗದಲ್ಲಿ. ಚೆನ್ನಾಗಿ ಫೋಟೋ ಬರುತ್ತೆ ಅಂತ ಉರಿಯ ಆಚೆಗೆ, ಎದುರಿಗೆ ನಿಂತುಬಿಡುತ್ತಾರೆ. ಉರಿ ದಾಟಿದ ಎತ್ತು ನಿಲ್ಲೋದಿಲ್ಲ. ಅದು ಬೆದರಿ ಇನ್ನೂ 20-30 ಮೀಟರ್ ಓಡೇ ಓಡುತ್ತೆ, ಹಗ್ಗ ಹಿಡಿದವರನ್ನೂ ಎಳೆದುಕೊಂಡು. ಆ ಕಡೆ ಒಂದು ನರಪಿಳ್ಳೆಯೂ ಇರಬಾರದು. ನಿಮ್ಮ ಜನ ಎರಡೂ ಮಗ್ಗುಲಲ್ಲಿ, ಮನೆ ಜಗಲಿ ಮೇಲೋ ಗೋಡೆಯ ಹಿಂದೆಯೋ ನಿಲ್ಲಲಿ. ಕಣ್ಣು ಕುಕ್ಕುವ ಬಣ್ಣದ ಟೀ ಶರಟಿನ ಮೇಲೆ ಒಂದು ಪಂಚೆ-ಟವೆಲ್ ಹೊದ್ದುಕೊಂಡರೆ ದನ ಬೆದರೋದು ಕಮ್ಮಿ. ಫ್ಲ್ಯಾಶ್ ಬೇಡ, ಸೀಟಿ ಬೇಡ, ಪಟಾಕಿ ಬೇಡವೇ ಬೇಡ. ಹುಲ್ಲು ಹಸಿಯಿದ್ದರೆ ಹೊಗೆ ಜಾಸ್ತಿ. ಹತ್ತಿರದ ಆಲ, ಅರಳಿ ಮರದಲ್ಲಿ ಹೆಜ್ಜೇನು ಕಟ್ಟಿದೆಯಾ ಅಂತ ಮಧ್ಯಾಹ್ನವೇ ನೋಡಿ, ಇದ್ದರೆ ಊರಿನವರ ಗಮನಕ್ಕೆ ತನ್ನಿ.

ಓಟಗಾರರಿಗೆ ತಾವೂ ಕಿಚ್ಚು ಹಾರಬೇಕು ಅನ್ನಿಸುತ್ತೆ. ಬೇಡ. ನೀವು ಹಾಕುವ ಓಟದ ಬಟ್ಟೆ ಪಾಲಿಯೆಸ್ಟರು. ಕಿಡಿ ಬಿದ್ದರೆ ಹತ್ತಿಬಟ್ಟೆಯ ಹಾಗೆ ಬೂದಿಯಾಗಿ ಉದುರಲ್ಲ, ಕರಗಿ ಚರ್ಮಕ್ಕೆ ಅಂಟುತ್ತೆ. ಅಕಸ್ಮಾತ್ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಅಂಟಿದ ಬಟ್ಟೆ ಕೀಳಬೇಡಿ, ಪೇಸ್ಟು, ಅರಿಶಿನ, ಶಾಯಿ ಏನೂ ಹಚ್ಚಬೇಡಿ, 108ಕ್ಕೆ ಫೋನ್ ಮಾಡಿ.

ಮಲೆಯಂಚು ಉತ್ತರ (ಚಿಕ್ಕಮಗಳೂರು):

ಜಾಗದ ವಿಚಾರಕ್ಕೆ ಮಾತ್ರ ಬರುತ್ತೇನೆ. ಸಕಲೇಶಪುರದ ಎಸ್ಟೇಟು ಸಂಜೆ ಓಟಕ್ಕೆ ಬೇಡ. ಆಲೂರು, ಸಕಲೇಶಪುರ, ಬೇಲೂರಿನ ಮಲೆನಾಡು ಭಾಗದಲ್ಲಿ ಆನೆಗಳು ಹಗಲು ತೋಟದೊಳಗೆ ನಿಂತು, ಹೊತ್ತು ಇಳಿಯುತ್ತಿದ್ದ ಹಾಗೆ ಗದ್ದೆ ಕಡೆ ಹೊರಡುತ್ತವೆ. ನಿಮ್ಮ ಜನ ವಾಪಸ್ ಬರುವ ಹೊತ್ತೂ ಅದೇ. ಕಾಫಿ ಗಿಡಗಳ ನಡುವೆ ಹತ್ತು ಮೀಟರ್ ಆಚೆ ಆನೆ ನಿಂತಿದ್ದರೂ ಕಾಣಲ್ಲ, ಹ್ಯಾಶ್‌ನಲ್ಲಿ ಜನ ಚದುರಿ ಒಬ್ಬೊಬ್ಬರೇ ದಾರಿ ಹುಡುಕುತ್ತಾರೆ ಬೇರೆ. ಜೊತೆಗೆ ಜನವರಿ ಅಂದರೆ ತೋಟದಲ್ಲಿ ಕೆಲಸ ಜೋರು, ಅರೇಬಿಕಾ ಕೊನೆ ಕೊಯ್ಲು, ರೋಬಸ್ಟಾ ಶುರು, ಕಣದಲ್ಲಿ ಕಾಫಿ ಒಣಗಿಸಿರುತ್ತಾರೆ. ದೊಡ್ಡಗದ್ದವಳ್ಳಿ ಕಡೆಯ ಬಯಲೇ ಸರಿ. ಹಾಗಂತ ಅಲ್ಲೂ ಕೇಳದೆ ಹೋಗಬೇಡಿ. ಆನೆ ಅಲ್ಲಿಗೂ ಒಮ್ಮೊಮ್ಮೆ ಇಳಿಯುತ್ತೆ. ಹಿಂದಿನ ದಿನವೂ ಅವತ್ತು ಮಧ್ಯಾಹ್ನವೂ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೆಜ್ಜೆ ಇಟ್ಟರೆ ಅದು ಅಪರಾಧ, ದಾರಿಯ ನಕ್ಷೆಯನ್ನ ಅವರಿಗೇ ತೋರಿಸಿಬಿಡಿ.

ನಮ್ಮ ಜಿಲ್ಲೆ ಕಡೆ, ಅದರಲ್ಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನಲ್ಲಿ ಇಂಥ ಓಟ ಯೋಚಿಸುವವರಿಗೆ ಇನ್ನೊಂದು ಎಚ್ಚರಿಕೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಉಣುಗು (ಉಣ್ಣೆಹುಳ) ಕಚ್ಚಿ ಬರುತ್ತೆ. ತರಗೆಲೆ ಮೇಲೆ ಕೂರಬೇಡಿ, ಉದ್ದ ಕಾಲ್ಚೀಲದೊಳಗೆ ಪ್ಯಾಂಟು ಸಿಕ್ಕಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಿ. ಮಂಗ ಸತ್ತ ಸುದ್ದಿ ಇರುವ ಕಡೆ ಓಟ ಇಡಲೇಬೇಡಿ.

ಬಯಲಲ್ಲಿ ನನಗೆ ಆನೆಗಿಂತ ಹೆಚ್ಚು ಭಯ ಕೃಷಿ ಹೊಂಡದ್ದು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಲಹೊಲಕ್ಕೂ ಹೊಂಡ ಆಗಿವೆ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಸು. ನೀರು ಕಮ್ಮಿ ಇದ್ದರೂ ಇಳಿಜಾರಿನ ಆ ಹಾಸಿನ ಮೇಲೆ ಪಾಚಿ ಕಟ್ಟಿರುತ್ತೆ, ಈಜು ಬಲ್ಲವರಿಗೂ ಹತ್ತೋಕೆ ಆಗಲ್ಲ. ಗುರುತು ಹುಡುಕುವ ಮಕ್ಕಳು ಏರಿ ಹತ್ತಿ ಇಣುಕುತ್ತಾರೆ. ಹೊಂಡ, ತೆರೆದ ಬಾವಿ ಇರುವ ಹೊಲದಿಂದ ಕನಿಷ್ಠ 100 ಮೀಟರ್ ದೂರ ದಾರಿ ಇಡಿ, ವೃತ್ತವನ್ನಂತೂ ಅದರ ಆಸುಪಾಸಿನಲ್ಲಿ ಹಾಕಲೇಬೇಡಿ. ವೃತ್ತ ಅಂದರೆ ಎಲ್ಲ ದಿಕ್ಕಿಗೂ ಜನ ಓಡುತ್ತಾರೆ ಅನ್ನೋದು ಮೊಲದ ತಲೆಯಲ್ಲಿ ಸದಾ ಇರಬೇಕು. ಹಾಗೇ ತಂತಿಬೇಲಿ: ಸೋಲಾರ್ ಬೇಲಿ ಸಂಜೆ ಐದಕ್ಕೇ ಚಾಲೂ ಮಾಡುವವರಿದ್ದಾರೆ, ಲೈನಿನಿಂದ ನೇರ ಕರೆಂಟು ಕೊಟ್ಟಿರುವವರೂ ಇರುತ್ತಾರೆ. ಯಾವ ತಂತಿಯನ್ನೂ ನುಸುಳುವ, ಹಾರುವ ದಾರಿ ಬೇಡ. ದಾರಿಯನ್ನ ಒಮ್ಮೆ ಅದೇ ಹೊತ್ತಿನಲ್ಲಿ, ಮಧ್ಯಾಹ್ನ ಮೂರರಿಂದ ಐದರೊಳಗೆ, ಪೂರ್ತಿ ನಡೆದು ನೋಡಿ. ಬೆಳಿಗ್ಗೆ ಕಾಣದ ಬೇಲಿ ಗೇಟು, ಮೇಯಲು ಕಟ್ಟಿದ ಹೋರಿ, ಪಂಪಿನ ಪೈಪು ಆಗ ಕಾಣುತ್ತವೆ.

ಹಂಡೆಒಲೆ ಉತ್ತರ:

ಊಟದ ಲೆಕ್ಕ ಕೊಡ್ತೀನಿ, 50 ಜನಕ್ಕೆ.

ಎಳ್ಳು-ಬೆಲ್ಲ ತಲೆಗೆ 100 ಗ್ರಾಂ ಹಿಡಿದರೆ 5 ಕೆಜಿ. ಹುರಿಗಡಲೆ, ಹುರಿದು ಸಿಪ್ಪೆ ತೆಗೆದು ಬೇಳೆ ಮಾಡಿದ ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ, ಮೂರೂ ತಲಾ ಒಂದೂಕಾಲು ಕೆಜಿ. ಬೆಲ್ಲ 850 ಗ್ರಾಂ, ಬಿಳಿ ಎಳ್ಳು 400 ಗ್ರಾಂ. ಕೆಡೋದು ಬೆಲ್ಲದಿಂದ. ಅಚ್ಚು ಬೆಲ್ಲವನ್ನ ಕಡಲೆಗಾತ್ರಕ್ಕೆ ಕತ್ತರಿಸಿ ಎರಡು ದಿನ ಬಿಸಿಲಲ್ಲಿ ಬಟ್ಟೆ ಮೇಲೆ ಹರಡಿ ಒಣಗಿಸಬೇಕು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಅದನ್ನೂ ಒಂದು ದಿನ ಒಣಗಿಸಿ. ಕಡಲೆಕಾಯಿ ಬೀಜ ಹುರಿದದ್ದು ಪೂರ್ತಿ ಆರದೆ ಬೆರೆಸಿದರೆ ಬೆಲ್ಲ ಬೆವೆತು ಎಲ್ಲ ಒಂದೇ ಮುದ್ದೆ. ಎಳ್ಳನ್ನ ಚಟಪಟ ಅನ್ನುವಷ್ಟು ಮಾತ್ರ ಹುರಿಯಿರಿ, ಬಣ್ಣ ಬಂದರೆ ಕಹಿ. ಬೆರೆಸೋದು ಹಬ್ಬದ ಬೆಳಿಗ್ಗೆ. ಕಾಗದದ ಪೊಟ್ಟಣ ಕಟ್ಟಿ, ಪ್ಲಾಸ್ಟಿಕ್ ಬೇಡ. ಊರಿನ ಮನೆಗಳಿಗೂ ಬೀರಬೇಕಲ್ಲ, ಇನ್ನೊಂದು 3 ಕೆಜಿ ಜಾಸ್ತಿ ಮಾಡಿ. ಬರಿಗೈಯಲ್ಲಿ ಹೋಗಿ ಅವರ ಮನೆ ಎಳ್ಳು ಮಾತ್ರ ತಿಂದು ಬರೋದು ಚೆಂದವಲ್ಲ. ಕಡಲೆಕಾಯಿ, ಎಳ್ಳು ಆಗದವರು ಗುಂಪಿನಲ್ಲಿ ಇದ್ದಾರಾ ಅಂತ ಹೆಸರು ಬರೆಸಿಕೊಳ್ಳುವಾಗಲೇ ಕೇಳಿ.

ಸಿಹಿ ಹುಗ್ಗಿಗೆ ಅಕ್ಕಿ 2 ಕೆಜಿ, ಹೆಸರುಬೇಳೆ 1 ಕೆಜಿ, ಬೆಲ್ಲ 3 ಕೆಜಿ, ತುಪ್ಪ ಮುಕ್ಕಾಲು ಕೆಜಿ, ಗೋಡಂಬಿ ಕಾಲು ಕೆಜಿ, ದ್ರಾಕ್ಷಿ 150 ಗ್ರಾಂ, ಏಲಕ್ಕಿ 15 ಗ್ರಾಂ. ನೀರು 12 ಲೀಟರು, ಪಾತ್ರೆ 25 ಲೀಟರಿಗೆ ಕಮ್ಮಿ ಬೇಡ. ಬೇಳೆಯನ್ನ ತುಪ್ಪದಲ್ಲಿ ಘಮ ಬರುವವರೆಗೆ ಹುರಿದು, ಅಕ್ಕಿ ಸೇರಿಸಿ, ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವ ತನಕ ಬೇಯಿಸಿ. ಅಲ್ಲಿಯವರೆಗೆ ಬೆಲ್ಲ ಮುಟ್ಟಬೇಡಿ. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯೋದು ನಿಂತಂತೆಯೇ, ಗಂಟೆ ಹೊತ್ತು ಉರಿಸಿದರೂ ನಡುವೆ ಗಟ್ಟಿ ಕಾಳು ಉಳಿಯುತ್ತೆ. ಬೆಲ್ಲವನ್ನ ಬೇರೆ ಪಾತ್ರೆಯಲ್ಲಿ ಕರಗಿಸಿ ಸೋಸಿ ಹಾಕಿ, ಮರಳು ಇರುತ್ತೆ. ಹಾಲು ಹಾಕುವ ಆಸೆ ಇದ್ದರೆ ಅಕ್ಕಿ ಬೇಯುವಾಗಲೇ ಹಾಕಿ. ಹಳೇ ಬೆಲ್ಲಕ್ಕೆ ಹುಳಿ ತಿರುಗಿರುತ್ತೆ, ಕೊನೆಗೆ ಕುದಿಯುತ್ತಿರುವಾಗ ಹಾಲು ಸುರಿದರೆ ಒಡೆಯುತ್ತೆ.

ಖಾರದ ಹುಗ್ಗಿಗೆ ಅಕ್ಕಿ ಮೂರೂವರೆ ಕೆಜಿ, ಹೆಸರುಬೇಳೆ ಒಂದೂಮುಕ್ಕಾಲು, ನೀರು 26 ಲೀಟರು, ಮೆಣಸು 50 ಗ್ರಾಂ, ಜೀರಿಗೆ 60, ಶುಂಠಿ 150, ತುಪ್ಪ 600, ಉಪ್ಪು ಕಾಲು ಕೆಜಿಗೆ ಸ್ವಲ್ಪ ಕಮ್ಮಿ. ಮೆಣಸನ್ನ ಅರ್ಧ ಇಡಿಯಾಗಿ, ಅರ್ಧ ಜಜ್ಜಿ ಹಾಕಿ. ಮಕ್ಕಳಿಗೆ ಜಜ್ಜಿದ್ದು ಹಾಕುವ ಮೊದಲೇ ಒಂದು ಪಾತ್ರೆ ತೆಗೆದಿಡಿ. ಜೊತೆಗೆ ಹಿದುಕಿದ ಅವರೆಬೇಳೆ ಸಾರು ಇದ್ದರೆ ಚಟ್ನಿ ಬೇಕಿಲ್ಲ. ಅವರೆ ಹಿದುಕೋಕೆ ಹಿಂದಿನ ರಾತ್ರಿ ನಾಲ್ಕು ಜನ ಕೂರಬೇಕು, ಅದನ್ನ ಮೊದಲೇ ಹಂಚಿಕೊಳ್ಳಿ.

ಸೌದೆ ಒಲೆಯಲ್ಲಿ ತಳ ಹಿಡಿಯೋದು ಬೇಳೆ ಕರಗಿದ ಮೇಲೆ. ಆ ಹಂತಕ್ಕೆ ಬಂದ ಕೂಡಲೇ ಸೌದೆ ಹೊರಗೆಳೆದು ಕೆಂಡದಲ್ಲೇ ಬಿಡಿ. ಸೌಟನ್ನ ತಳಕ್ಕೆ ತಾಗಿಸಿ ತಿರುವಿ. ತಳ ಹಿಡಿದೇಬಿಟ್ಟರೆ ಕೆರೆಯಬೇಡಿ, ಮೇಲಿನದನ್ನ ಮಾತ್ರ ಬೇರೆ ಪಾತ್ರೆಗೆ ತೋಡಿ. ಹುಗ್ಗಿ ಆರುತ್ತಾ ಗಟ್ಟಿಯಾಗುತ್ತೆ, ಕಿಚ್ಚು ಮುಗಿದು ಜನ ಕೂರುವ ಹೊತ್ತಿಗೆ ಸಿಮೆಂಟಿನ ಥರ ಆಗಿರುತ್ತೆ. ಕುದಿಯುವ ನೀರು 5 ಲೀಟರು ಪಕ್ಕದಲ್ಲೇ ಇರಲಿ. ತಣ್ಣೀರು ಬೆರೆಸಿದರೆ ರಾತ್ರಿಗೇ ಹಳಸುತ್ತೆ.

ಓಡುವವರಿಗೆ: ಹಬ್ಬದೂಟ ಹನ್ನೆರಡೂವರೆ ಒಳಗೆ ಮುಗಿಸಿ, ಅರ್ಧ ಹೊಟ್ಟೆ. ದಾರಿ ನಡುವೆ ಬೋರೆಹಣ್ಣು, ಬಾಳೆಹಣ್ಣು ಸಾಕು, ಎಳ್ಳು ಅಲ್ಲಿ ಕೊಡಬೇಡಿ, ಓಡುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ನೀರು 20 ಲೀಟರಿನ ಎರಡು ಕ್ಯಾನು 3 ಕಿಲೋಮೀಟರಿನ ಹತ್ತಿರ, ಸ್ಟೀಲ್ ಲೋಟದ ಜೊತೆ. ಕಬ್ಬು ಆರು ಜಲ್ಲೆ ತಂದು ಗೇಣುದ್ದ ಕತ್ತರಿಸಿ. ಜಗಿದ ಸಿಪ್ಪೆಗೆ ಗೋಣಿಚೀಲ ಇಡಿ.

ಹಾಸನ_ಹಾದಿ:

ಎಲ್ಲರಿಗೂ ತುಂಬಾ ಧನ್ಯವಾದ. ದೊಡ್ಡಗದ್ದವಳ್ಳಿ ಕಡೆ, ಮಧ್ಯಾಹ್ನ ಮೂರೂವರೆಗೆ ಅಂತ ತೀರ್ಮಾನ ಆಯ್ತು. ಇನ್ನೆರಡು ಸಂದೇಹ. ನಡೆಯುವವರಿಗೂ ಮಕ್ಕಳಿಗೂ ಬೇರೆ ದಾರಿ ಹಾಕಬೇಕಾ? ಹ್ಯಾಶ್ ಅಂದಮೇಲೆ ಕೊನೆಗೆ ಬಿಯರ್ ಇರಲೇಬೇಕು ಅಂತ ಗುಂಪಿನಲ್ಲಿ ಕೆಲವರು ಹೇಳ್ತಿದ್ದಾರೆ, ಏನು ಮಾಡೋದು?

ಏರಿದಾರಿ:

ಬೇರೆ ದಾರಿ ಬೇಡ, ಒಂದೇ ದಾರಿಗೆ ಎರಡು ಕುಣಿಕೆ ಕೊಡಿ. ಓಡುವವರು ಸುತ್ತಿ ಬರುವ ಕಡೆ ನಡೆಯುವವರಿಗೆ ನೇರ ಅಡ್ಡದಾರಿ. ಕವಲಿನಲ್ಲಿ ಹಿಟ್ಟಿನಿಂದ ‘ಓ’, ‘ನ’ ಅಂತ ಬರೆದರೆ ಸಾಕು. ನಡೆಯುವವರ ಒಟ್ಟು ದಾರಿ ಮೂರೂವರೆ ಕಿಲೋಮೀಟರ್ ಮೀರದಿರಲಿ, ನೀರಿನ ಜಾಗದಲ್ಲಿ ಎರಡೂ ಸೇರಲಿ. ಮಕ್ಕಳು ನಡೆಯುವ ಗುಂಪಿನಲ್ಲೇ, ಮೂರು ಮಕ್ಕಳಿಗೊಬ್ಬರು ದೊಡ್ಡವರು. ಎಲ್ಲರಿಗಿಂತ ಹಿಂದೆ ಒಬ್ಬರು ಬಾಲವಾಗಿ ಬರಬೇಕು, ಅವರ ಕೈಯಲ್ಲಿ ಹೆಸರಿನ ಪಟ್ಟಿ, ದಾರಿಯ ನಕ್ಷೆ, ಬ್ಯಾಟರಿ, ಮೊಲಗಳ ನಂಬರು. ಹೊರಡುವಾಗ ಎಣಿಸಿ, ನೀರಿನ ಹತ್ತಿರ ಎಣಿಸಿ, ಊರಲ್ಲಿ ಎಣಿಸಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಿರಿ ಅಂತ ಎಲ್ಲರಿಗೂ ಮೊದಲೇ ಹೇಳಿಬಿಡಿ.

ಕಣದಂಚು:

ಬಿಯರ್ ಊರಿಗೆ ತರಬೇಡಿ. ಹಬ್ಬದ ದಿನ, ಗುಡಿಯ ಊರು, ಹೆಣ್ಣುಮಕ್ಕಳು ಎಳ್ಳು ಬೀರೋಕೆ ಬೀದಿಯಲ್ಲಿ ಓಡಾಡುವ ಹೊತ್ತು. ಒಮ್ಮೆ ವಾಸನೆ ಬಂದರೆ ಮುಂದಿನ ವರ್ಷ ನಿಮಗೂ ಜಾಗ ಇಲ್ಲ, ನಿಮ್ಮ ಹಿಂದೆ ಬರುವವರಿಗೂ ಇಲ್ಲ. ಹ್ಯಾಶ್‌ನಲ್ಲಿ ಕೊನೆಗೆ ಎಲ್ಲರೂ ಸುತ್ತ ನಿಂತು ಮೊಲಗಳಿಗೆ ಒಂದೇ ಗುಟುಕಿಗೆ ಕುಡಿಸುವ ಶಾಸ್ತ್ರ ಇದೆಯಲ್ಲ, ಅದನ್ನ ಕಬ್ಬಿನ ಹಾಲಿನಲ್ಲೋ ಮಜ್ಜಿಗೆಯಲ್ಲೋ ಮಾಡಿ. ಕಬ್ಬಿನ ಹಾಲು ಹಿಂಡಿ ಅರ್ಧ ಗಂಟೆಯೊಳಗೆ ಮುಗಿಸಬೇಕು, ಇಟ್ಟರೆ ಕಪ್ಪಾಗಿ ಹುಳಿ ಬರುತ್ತೆ.

ಮತ್ತೆ, ಅಡುಗೆಗೆ ಕೈ ಹಾಕಿದ ಊರಿನ ಅಮ್ಮಂದಿರಿಗೆ ದುಡ್ಡನ್ನ ಕೈಗೆ ತುರುಕಬೇಡಿ. ತಟ್ಟೆಯಲ್ಲಿ ಎಲೆ-ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಅದರೊಳಗೆ ಲಕೋಟೆ ಇಟ್ಟು ಕೊಡಿ. ಸೌದೆ, ಪಾತ್ರೆ, ಹಾಲು ಕೊಟ್ಟವರ ಲೆಕ್ಕ ಅವತ್ತೇ ತೀರಿಸಿ. ಮಾರನೆ ದಿನ ಇಬ್ಬರು ಹೋಗಿ ಊರೊಳಗೆ ಹಾಕಿದ ಹಿಟ್ಟಿನ ಗುರುತೆಲ್ಲ ಪೊರಕೆಯಲ್ಲಿ ಗುಡಿಸಿ ನೀರು ಹಾಕಿ ಬನ್ನಿ, ಹೊಲದಲ್ಲಿರೋದು ಇಬ್ಬನಿಗೇ ಹೋಗುತ್ತೆ.